ಕರಿ ಎಣ್ಣೆ ತಿಳಿಯಾದಾಗ

ನನ್ನ ಬಲಗೈ ಬಾಣಲೆಯ ಮೇಲಿತ್ತು.

ಬಾಣಲೆಯ ತುಂಬ ಎಣ್ಣೆ, ಅಂಚಿನವರೆಗೆ. ಕೆಳಗೆ ಗ್ಯಾಸಿನ ದೊಡ್ಡ ಒಲೆ ಬುಸುಗುಡುತ್ತಿತ್ತು. ನನ್ನ ಮಣಿಕಟ್ಟು ಹಿಡಿದಿದ್ದವನನ್ನು ಎಲ್ಲರೂ ಗೂಟ ಅನ್ನುತ್ತಿದ್ದರು. ಎಲ್ಲಿ ನೆಟ್ಟರೆ ಅಲ್ಲೇ ನಿಲ್ಲುವ ಆಳು. ನನ್ನ ಎಡಗೈಯನ್ನು ಬೆನ್ನ ಹಿಂದೆ ತಿರುಚಿ, ಬಲಗೈಯನ್ನು ಎಣ್ಣೆಯಿಂದ ಒಂದು ಗೇಣು ಮೇಲೆ ಹಿಡಿದು ನಿಂತಿದ್ದ.

ಕೈಮೇಲಿನ ರೋಮ ಸುರುಟಿಕೊಳ್ಳುವ ವಾಸನೆ ಬರುತ್ತಿತ್ತು...

"ಯಾರು ಕಳ್ಸಿದ್ದು?" ಗೂಟನ ಧಣಿ ಕೇಳಿದ. ಕರೆಯುವ ಹೆಸರು ಮಾವ, ನನಗೇನೂ ಸಂಬಂಧವಿಲ್ಲ.

"ಹೊಟ್ಟೆ ಕಳ್ಸ್ತು. ಬಿಸಿಬಿಸಿ ಏನಾದ್ರೂ ಸಿಗುತ್ತೇನೋ ಅಂತ ಬಂದೆ."

ಗೂಟ ನನ್ನ ಕೈಯನ್ನು ಇನ್ನೊಂದಿಷ್ಟು ಇಳಿಸಿದ. ಅವನಿಗೆ ತಮಾಷೆ ಹಿಡಿಸುವುದಿಲ್ಲ.

ಬಾಣಲೆಯಿಂದ ಬೆಂಕಿಗೆ ಬಿದ್ದ ಹಾಗೆ ಅನ್ನುತ್ತಾರಲ್ಲ... ನಾನಿನ್ನೂ ಬಾಣಲೆಗೇ ಬಿದ್ದಿರಲಿಲ್ಲ.

ಅಲ್ಲಿಗೆ ಹೇಗೆ ಹೋದೆ ಅಂತ ಕೇಳುತ್ತೀರಿ. ಹೇಳುತ್ತೇನೆ. ಕೈ ಸ್ವಲ್ಪ ಹೊತ್ತು ಅಲ್ಲೇ ಇರಲಿ.

ಬೆಂಕಿ ಬಿದ್ದ ಜಾಗಕ್ಕೆ ಹೋಗಿ ಕಾರಣ ಹುಡುಕುವುದು ನನ್ನ ಕಸುಬು. ವಿಮೆಯವರು ಕರೆಯುತ್ತಾರೆ, ವಕೀಲರು ಕರೆಯುತ್ತಾರೆ. ಗೋದಾಮು, ಗಿರಣಿ, ಅಂಗಡಿ, ಮನೆ. ಎಲ್ಲರೂ ಅಳುತ್ತ ನಿಂತಿರುವಾಗ ನಾನು ಕೂತು ಕಸ ಕೆದಕುತ್ತಿರುತ್ತೇನೆ. ಅದಕ್ಕೇ ನನಗೆ ಬೂದಿ ಅಂತ ಹೆಸರು ಬಿದ್ದಿದೆ. ಹೆಣ್ಣು ಕೊಡುವವರು ಯಾರೂ ಈ ಹೆಸರು ಕೇಳಿ ಖುಷಿಪಟ್ಟಿದ್ದಿಲ್ಲ.

ಆ ಸಲ ಕರೆದದ್ದು ನನ್ನ ಅಕ್ಕ.

"ಲೋ, ನಿಮ್ ಭಾವನ್ನ ಹಿಡ್ಕೊಂಡು ಹೋಗ್ತಾರಂತೆ ಕಣೋ," ಅಂದಳು.

ಭಾವ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಹೆಡ್ ಕುಕ್. ಹಿಂದಿನ ದಿನ ಮಧ್ಯಾಹ್ನ ಅಲ್ಲಿ ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿತ್ತು. ಪಕ್ಕದಲ್ಲಿ ನಿಂತು ಆಲೂಗಡ್ಡೆ ಕರಿಯುತ್ತಿದ್ದ ಹೆಂಗಸು ಸತ್ತಿದ್ದಳು. ಅಡುಗೆಮನೆಯಲ್ಲಿ ಎಲ್ಲರೂ ಅವಳನ್ನು ದೊಡ್ಡಮ್ಮ ಅನ್ನುತ್ತಿದ್ದರು. ಅವಳನ್ನು ಎಳೆಯಲು ಹೋದ ಭಾವನ ಎರಡೂ ಕೈ ಸುಟ್ಟಿದ್ದವು. ಕ್ಯಾಂಟೀನ್ ಕಂಟ್ರಾಕ್ಟರ್ ಪೊಲೀಸರಿಗೆ ಬರೆಸಿದ್ದು ಒಂದೇ ಮಾತು: ಅಡುಗೆಯವನು ಉರಿ ಜೋರಾಗಿ ಇಟ್ಟು ಫೋನಿನಲ್ಲಿ ಹರಟುತ್ತಿದ್ದ.

ಆಸ್ಪತ್ರೆಗೆ ಹೋದೆ. ಭಾವ ಮಂಚದ ಮೇಲೆ ಕೂತಿದ್ದರು. ಎರಡೂ ಕೈಗೆ ಮೊಣಕೈವರೆಗೆ ಬ್ಯಾಂಡೇಜು. ನನ್ನ ಮುಖ ನೋಡಲಿಲ್ಲ.

"ಏನಾಯ್ತು ಭಾವ?"

"ನಾನೇ ಕೊಂದೆ ಕಣೋ."

"ಉರಿ ಜೋರು ಮಾಡಿದ್ರಾ?"

"ಮಾಡಿರ್ಬೇಕು. ಎಲ್ಲರೂ ಹಾಗೇ ಹೇಳ್ತಿದಾರಲ್ಲ."

"ಎಲ್ಲರನ್ನೂ ಬಿಡಿ. ನೀವು ಕಂಡಿದ್ದು ಹೇಳಿ."

ಭಾವ ಬ್ಯಾಂಡೇಜಿನ ಕೈಗಳನ್ನು ನೋಡಿಕೊಂಡರು. "ದೊಡ್ಡಮ್ಮ ಆಲೂಗಡ್ಡೆ ಹಾಕಿದ್ಲು. ಎಣ್ಣೆ ಹಾಲಿನ ಥರ ಉಕ್ತು. ಎಣ್ಣೆ ಎಲ್ಲಾದ್ರೂ ಉಕ್ಕುತ್ತೇನೋ? ನನಗೆ ತಲೆ ಕೆಟ್ಟಿದೆ."

ಹೊರಗೆ ಇನ್‌ಸ್ಪೆಕ್ಟರ್ ಮೇಡಂ ಕಾಯುತ್ತಿದ್ದರು. ಹಳೆಯ ಪರಿಚಯ. ಮಾತು ಕಡಿಮೆ, ನಗು ಇನ್ನೂ ಕಡಿಮೆ.

"ಡಿಸ್‌ಚಾರ್ಜ್ ಆದ ತಕ್ಷಣ ಅರೆಸ್ಟು. ಒಬ್ಬಳು ಸತ್ತಿದಾಳೆ, ನಾನು ಸುಮ್ನೆ ಬಿಡೋಕಾಗಲ್ಲ."

"ಎಣ್ಣೆ ಉಕ್ತು ಅಂತಾರೆ ಭಾವ."

"ಉಕ್ಕಿಸಿ ತೋರಿಸಿ. ನೋಡೋಣ."

ಕ್ಯಾಂಟೀನಿಗೆ ಹೋದೆ. ಒಲೆಯ ತಿರುಪು ಕರಗಿ ಅಂಟಿಕೊಂಡಿತ್ತು. ಎಲ್ಲಿ ಅಂತೀರಿ? ಮಧ್ಯದ ಗುರುತಿನಲ್ಲಿ! ಉರಿ ಜೋರಾಗಿರಲೇ ಇಲ್ಲ. ಬಾಣಲೆಯ ಒಳಗಡೆಗಿಂತ ಹೊರಗಡೆ ಹೆಚ್ಚು ಮಸಿ. ಅಂಚಿನಿಂದ ಕೆಳಗಿಳಿದ ಗೆರೆಗಳು ಒಲೆಯ ಬಾಯಿಗೇ ಹೋಗಿದ್ದವು. ಬೆಂಕಿ ಎಣ್ಣೆಯಲ್ಲಿ ಹುಟ್ಟಿರಲಿಲ್ಲ. ಎಣ್ಣೆಯೇ ಇಳಿದುಹೋಗಿ ಬೆಂಕಿಯನ್ನು ಕರೆದುಕೊಂಡು ಬಂದಿತ್ತು.

ಸ್ಟೋರಿನಲ್ಲಿ ಒಡೆಯದ ಟಿನ್ನು ಒಂದಿತ್ತು. ಮೇಲೆ ಕಂಪನಿಯ ಹೆಸರಿಲ್ಲ, ಚೀಟಿಯಿಲ್ಲ. ಮುಚ್ಚಳ ತೆಗೆದರೆ ಒಳಗೆ ನೀರಿನಂಥ ಎಣ್ಣೆ. ಬಣ್ಣವಿಲ್ಲ, ವಾಸನೆಯಿಲ್ಲ. ಬೆಳ್ಳಗಿರೋದೆಲ್ಲ ಹಾಲಲ್ಲ ಅಂದುಕೊಂಡು ಒಂದು ಬಾಟಲಿ ತುಂಬಿಕೊಂಡೆ.

ಅಕ್ಕನ ಮನೆಯಲ್ಲಿ ಒಲೆ ಹಚ್ಚಿದೆ. ನಡುಮನೆಯಲ್ಲಿ ಅಕ್ಕನ ಹೊಲಿಗೆ ಮಿಷನ್ ಓಡುತ್ತಿತ್ತು. ಕರೆಂಟಿನದು, ಹೊಸದು. ಮನಸ್ಸು ಕೆಟ್ಟಾಗಲೂ ಅವಳು ಅದರ ಮುಂದೆಯೇ ಕೂರುತ್ತಾಳೆ. ಕ್ಯಾಂಟೀನಿನವರ ನೀಲಿ ಗೆರೆಯ ಏಪ್ರನ್‌ಗಳನ್ನೆಲ್ಲ ಹೊಲಿಯುವವಳು ಅವಳೇ. ಹರಿದ ಏಪ್ರನ್ನನ್ನು ಭಾವ ಬಿಸಾಡಲು ಬಿಡುವುದಿಲ್ಲ. ಪಟ್ಟಿಪಟ್ಟಿಯಾಗಿ ಸೀಳಿ ಡಬ್ಬಿ, ಚೀಲ, ಕೊಡೆ, ಕೊನೆಗೆ ಕಿಟಕಿಯ ಚಿಲಕಕ್ಕೂ ಕಟ್ಟುತ್ತಾರೆ. ಆ ಮನೆಯಲ್ಲಿ ನೀಲಿ ಪಟ್ಟಿ ಕಟ್ಟದ ವಸ್ತು ಅಂದರೆ ನಾನೊಬ್ಬನೇ.

ಎಣ್ಣೆ ಕಾಯಿತು. ಒದ್ದೆ ಆಲೂಗಡ್ಡೆಯ ಚೂರು ಹಾಕಿದೆ.

ಒಳ್ಳೆಯ ಎಣ್ಣೆಯಲ್ಲಿ ದೊಡ್ಡ ಗುಳ್ಳೆ ಎದ್ದು ತಟ್ಟನೆ ಒಡೆಯುತ್ತದೆ. ಇಲ್ಲಿ ಸಣ್ಣ ಗುಳ್ಳೆ. ಒಡೆಯಲಿಲ್ಲ. ಒಂದರ ಮೇಲೊಂದು ಏರಿದವು. ಬಿಳಿ ನೊರೆ ಮೇಲೆ ಬಂತು... ಮೇಲೆ ಬಂತು... ನಾನು ಒಲೆ ಆರಿಸುವಷ್ಟರಲ್ಲಿ ಅಂಚು ದಾಟಿತ್ತು!

ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಹಾಗಾದ್ರೆ ಇವರದ್ದೇನೂ ತಪ್ಪಿಲ್ವಾ?"

"ಉರಿ ಸರಿಯಾಗೇ ಇತ್ತು. ಎಣ್ಣೆಗೇ ರೋಗ."

ಅವಳು ಅಲ್ಲೇ ಕುಸಿದು ಕೂತು ಅತ್ತಳು. ಸಮಾಧಾನದ ಅಳು. ಆ ಅಳು ನನಗೆ ಇವತ್ತಿಗೂ ನೆನಪಿದೆ, ಯಾಕೆಂದರೆ ಆ ಸಮಾಧಾನ ಹೆಚ್ಚು ಹೊತ್ತು ಬಾಳಲಿಲ್ಲ.

ರೋಗ ಏನು ಅಂತ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಎಣ್ಣೆ ಅಂದರೆ ಉದ್ದುದ್ದ ಸರಪಳಿಗಳು, ಮೂರು ಮೂರು ಸೇರಿ ಒಂದು ಕೊಂಡಿಗೆ ನೇತುಬಿದ್ದಿರುತ್ತವೆ. ಕಾಯಿಸಿ ಅದರಲ್ಲಿ ಕರಿದರೆ ಪದಾರ್ಥದ ನೀರು ಆ ಸರಪಳಿಗಳನ್ನು ಕೊಂಡಿಯಿಂದ ಬಿಡಿಸುತ್ತದೆ, ಆಮ್ಲ ಹುಟ್ಟುತ್ತದೆ. ಗಾಳಿ ಬಂದು ಸರಪಳಿಗಳನ್ನೇ ಕಡಿಯುತ್ತದೆ. ಕಡಿದ ಚೂರುಗಳಿಂದ ಕೆಟ್ಟ ವಾಸನೆ. ಇನ್ನು ಕೆಲವು ಒಂದಕ್ಕೊಂದು ಅಂಟಿಕೊಂಡು ಗೋಂದಾಗುತ್ತವೆ. ಕೊಂಡಿ ಸುಟ್ಟರೆ ಕಣ್ಣು ಉರಿಸುವ ಹೊಗೆ. ಒಂದೆರಡು ಸಲ ಕರಿದರೆ ಇದೆಲ್ಲ ಅಷ್ಟಾಗಿ ಆಗುವುದಿಲ್ಲ. ದಿನಗಟ್ಟಲೆ ಅದೇ ಎಣ್ಣೆ ಕಾಯಿಸಿದರೆ ಕಪ್ಪಾಗುತ್ತದೆ, ಮಂದವಾಗುತ್ತದೆ, ಬೇಗ ಹೊಗೆಯಾಡುತ್ತದೆ.

ಅಂಥ ಕರಿ ಎಣ್ಣೆಯನ್ನು ಯಾರೋ ತಿಳಿ ಮಾಡಿ ಮಾರುತ್ತಿದ್ದರು. ಜೇಡಿಮಣ್ಣು ಬಣ್ಣ ಕುಡಿಯುತ್ತದೆ. ಕಾಸ್ಟಿಕ್ ಸೋಡ ಆಮ್ಲವನ್ನು ಹಿಡಿಯುತ್ತದೆ. ಆದರೆ ಆಮ್ಲಕ್ಕೆ ಸೋಡ ಸೇರಿದರೆ ಹುಟ್ಟುವುದು ಸಾಬೂನು! ಅದು ಹೋಗಬೇಕಾದರೆ ಬಿಸಿನೀರಿನಲ್ಲಿ ಮತ್ತೆ ಮತ್ತೆ ತೊಳೆಯಬೇಕು. ಈ ಪುಣ್ಯಾತ್ಮ ತೊಳೆದಿರಲಿಲ್ಲ. ಕಣ್ಣಿಗೆ ಚೆನ್ನಾಗಿದ್ದರೆ ಸಾಕು ಅಂದುಕೊಂಡಿದ್ದ. ದೊಡ್ಡಮ್ಮ ಆಲೂಗಡ್ಡೆ ಹಾಕಿದ್ದು ಸಾಬೂನು ಮತ್ತು ಗೋಂದು ತುಂಬಿದ ಎಣ್ಣೆಗೆ.

ಮರುದಿನ ಬೆಳಗ್ಗೆ ಕ್ಯಾಂಟೀನಿನ ಎದುರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ಸಣ್ಣ ಟೆಂಪೋ ಬಂತು. ಕಂಟ್ರಾಕ್ಟರ್ ತಾನೇ ಓಡಿಬಂದು ಸ್ಟೋರಿನಲ್ಲಿ ಉಳಿದಿದ್ದ ಆ ಟಿನ್ನನ್ನು ಅದಕ್ಕೆ ಹೇರಿಸಿ ಕಳಿಸಿದ. ಕಳ್ಳನ ಮನಸ್ಸು ಹುಳ್ಳುಹುಳ್ಳಗೆ.

ಬೈಕಿನಲ್ಲಿ ಹಿಂದೆ ಬಿದ್ದೆ.

ಎರಡು ತಿರುವು ದಾಟುವಷ್ಟರಲ್ಲಿ ಡ್ರೈವರ್ ಕನ್ನಡಿಯಲ್ಲಿ ನನ್ನನ್ನು ನೋಡಿದ. ಟೆಂಪೋ ಹಾರಿತು! ತರಕಾರಿ ಗಾಡಿಗಳ ನಡುವೆ ನುಗ್ಗಿತು. ನಾನೂ ನುಗ್ಗಿದೆ. ಯಾರೋ ನನ್ನ ಅಪ್ಪನನ್ನು, ಅವನ ಅಪ್ಪನನ್ನು ಬೈದರು. ಒಂದು ಗಲ್ಲಿಯ ಬಾಯಲ್ಲಿ ಲಾರಿ ಅಡ್ಡ ಬಂತು. ಬ್ರೇಕು ಹಾಕಿದೆ, ಬೈಕು ಜಾರಿತು, ಮೊಣಕಾಲಿನ ಚರ್ಮ ಕಿತ್ತುಬಂತು. ಎದ್ದು ನೋಡಿದರೆ ಟೆಂಪೋ ಇಲ್ಲ.

ಆದರೆ ಗಾಳಿ ಇತ್ತು.

ಕಣ್ಣು ಉರಿಯಿತು. ಮೂಗಿನ ತುದಿ ಚುರುಗುಟ್ಟಿತು. ಸುಟ್ಟ ಎಣ್ಣೆಯ ಆ ಹೊಗೆ ಬೇರೆ ಯಾವುದರಲ್ಲೂ ಬರುವುದಿಲ್ಲ. ಕಣ್ಣು ಎಲ್ಲಿ ಹೆಚ್ಚು ಉರಿಯುತ್ತದೋ ಆ ಕಡೆ ಕುಂಟುತ್ತ ನಡೆದೆ. ಟೈರ್ ಅಂಗಡಿಯ ಹಿಂದೆ ಒಂದು ತಗಡಿನ ಶೆಡ್ಡು. ಪಕ್ಕದಲ್ಲಿ ಅದೇ ಟೆಂಪೋ.

ಮೇಡಂಗೆ ಫೋನು ಮಾಡಿದೆ. "ಬರ್ತಿದೀನಿ, ಒಳಗೆ ಹೋಗ್ಬೇಡಿ," ಅಂದರು. ಅಷ್ಟು ಹೊತ್ತಿಗೆ ನಾನು ಒಳಗಿದ್ದೆ.

ಒಂದು ಕಡೆ ಜೇಡಿಮಣ್ಣಿನ ಚೀಲಗಳು. ಒಂದು ಕಡೆ ಡ್ರಮ್ಮುಗಳು. ಗೋಡೆಯುದ್ದಕ್ಕೂ ಕರಿ ಎಣ್ಣೆಯ ಟಿನ್ನುಗಳು, ಊರಿನ ಅಡುಗೆಮನೆಗಳಿಂದೆಲ್ಲ ಬಂದಂಥವು. ನಾನು ಫೋಟೋ ತೆಗೆಯಲು ಜೇಬಿನಿಂದ ಫೋನು ಎಳೆದೆ. ಆಗ ಮೊದಲ ಸಾಲಿನ ಟಿನ್ನಿನ ಮೇಲೆ ಕಣ್ಣು ಬಿತ್ತು.

ಮುಚ್ಚಳಕ್ಕೆ ಬಟ್ಟೆಯ ಪಟ್ಟಿ ಕಟ್ಟಿತ್ತು. ನೀಲಿ ಗೆರೆ.

ನನ್ನ ಕಾಲು ಅಲ್ಲೇ ನಿಂತುಬಿಟ್ಟಿತು. ಈ ಕಸುಬಿನಲ್ಲಿ ನಿಂತವನು ಕೆಟ್ಟ. ಹಿಂದಿನಿಂದ ಗೂಟ ಅಮರಿಕೊಂಡ.

ಸರಿ. ಈಗ ಬಾಣಲೆಗೆ ವಾಪಸ್ ಬರೋಣ.

ಮಾವ ಯಾರಿಗೂ ಹೆಣ್ಣು ಕೊಟ್ಟವನಲ್ಲ, ಆದರೂ ಮಾರ್ಕೆಟ್ಟಿಗೆಲ್ಲ ಮಾವ. ದುಂಡು ಮುಖ, ಒಗೆದು ಇಸ್ತ್ರಿ ಮಾಡಿದ ಬಿಳಿ ಅಂಗಿ. ಕೈಯಲ್ಲಿ ಗಾಜಿನ ಬಾಟಲಿ. ಪ್ರತಿ ಡ್ರಮ್ಮಿನಿಂದ ಒಂದು ಬಾಟಲಿ ತೆಗೆದು, ಬಿಸಿಲಿಗೆ ಹಿಡಿದು, ಆಚೆ ಬದಿಯ ಬೆರಳು ಕಂಡರೆ ಮಾಲು ಪಾಸು. ಅವನಿಗೆ ಗೊತ್ತಿದ್ದ ಪರೀಕ್ಷೆ ಅದೊಂದೇ. ಆ ಎಣ್ಣೆಯಲ್ಲಿ ಅವನು ಯಾವತ್ತೂ ಏನನ್ನೂ ಕರಿದಿರಲಿಲ್ಲ. ಅವನ ಮನೆಗೆ ಅಂಗಡಿಯ ಎಣ್ಣೆ ಹೋಗುತ್ತಿತ್ತು. ಈಗ ನನ್ನ ಕೈ ಕೆಳಗೆ ಕಾಯುತ್ತಿದ್ದದ್ದು ಅವನದೇ ತಿಳಿ ಎಣ್ಣೆ.

"ನೋಡು, ಹೇಗಿದೆ," ಅಂದ. "ಇದನ್ನ ನೋಡಿ ಯಾರಾದ್ರೂ ಹಳೇದು ಅಂತಾರಾ?"

"ಆ ನೀಲಿ ಪಟ್ಟಿ ಟಿನ್ನು ಎಲ್ಲಿದು?"

ಮಾವ ನನ್ನನ್ನು ದಿಟ್ಟಿಸಿದ. ಆಮೇಲೆ ನಕ್ಕ. "ಓಹೋ, ನೀನು ಅವನ ಬಾಮೈದನಾ? ಬೂದಿ? ಹಾಗಾದ್ರೆ ಗೊತ್ತಿರ್ಬೇಕಲ್ಲ. ವಾರ ವಾರ ನಿನ್ ಭಾವನೇ ಹಿಂದಿನ ಬಾಗಿಲಲ್ಲಿ ಕೊಡೋದು. ಅಚ್ಚುಕಟ್ಟು ಮನುಷ್ಯ, ಒಂದು ಹನಿ ಚೆಲ್ಲಿದ್ದಿಲ್ಲ. ಅವನು ಕೊಟ್ಟ ಕರಿ ಎಣ್ಣೆ ತೊಳೆದು ಅವನಿಗೇ ಕೊಟ್ಟೆ. ಮಾಡಿದ್ದುಣ್ಣೋ ಮಾರಾಯ."

ನನಗೆ ಕೈಯ ಬಿಸಿ ಮರೆತೇಹೋಯಿತು. ಭಾವ... ಆ ಭಾವ... ನನಗೆ ಸೈಕಲ್ ಕಲಿಸಿದ ಮನುಷ್ಯ.

"ಅವನ ಜೇಬು ನೋಡು," ಮಾವ ಅಂದ.

ಗೂಟ ನನ್ನ ಎಡಗೈ ಬಿಟ್ಟು ಜೇಬಿಗೆ ಕೈಹಾಕಿದ. ಒಂದು ಪ್ಲಾಸ್ಟಿಕ್ ಚೀಲ ಹೊರಬಂತು. ಒಳಗೆ ನೀರು, ನೀರಿನಲ್ಲಿ ಹೆಚ್ಚಿದ ಆಲೂಗಡ್ಡೆ. ಮೇಡಂ ಎದುರು ಉಕ್ಕಿಸಿ ತೋರಿಸಲು ತಂದದ್ದು.

ಮಾವನಿಗೆ ನಗು ತಡೆಯಲಾಗಲಿಲ್ಲ. "ಇದೇನೋ, ಬುತ್ತಿ ಕಟ್ಕೊಂಡು ಬಂದಿದೀಯ?"

"ಅದನ್ನ ಎಣ್ಣೆಗೆ ಹಾಕ್ಬೇಡಿ," ಅಂದೆ.

"ಯಾಕೆ?"

"ಬೇಡ ಅಂದ್ರೆ ಬೇಡ."

ಬೇಡ ಅಂದದ್ದನ್ನು ಮಾಡದಿದ್ದರೆ ಅವನು ಮಾವ ಹೇಗಾದಾನು? "ನಿನ್ ಕೈ ಹೇಗೆ ಬೇಯುತ್ತೆ ಅಂತ ಮೊದಲು ಇದರಲ್ಲಿ ನೋಡು," ಅಂದು, ನೀರನ್ನು ನೆಲಕ್ಕೆ ಬಸಿದು, ಒದ್ದೆ ಚೂರುಗಳನ್ನೆಲ್ಲ ಒಟ್ಟಿಗೆ ಬಾಣಲೆಗೆ ಸುರಿದ.

ಒಂದು ಕ್ಷಣ ಬರೀ ಚುರ್ ಅಂತ ಸದ್ದು.

ಆಮೇಲೆ ಎಣ್ಣೆ ಎದ್ದಿತು!

ನೊರೆ ಗೋಡೆಯಂತೆ ಮೇಲೆ ಬಂತು. ನನ್ನ ಬೆರಳಿನ ತುದಿಗೆ ತಾಗಿತು. ಅದಕ್ಕಿಂತ ಮೊದಲು ನನ್ನ ಮಣಿಕಟ್ಟಿನ ಕೆಳಗಿದ್ದ ಗೂಟನ ಬೆರಳಿಗೆ ಹಾರಿತು. ಅವನು ಕೂಗಿ ಕೈಬಿಟ್ಟ. ನಾನು ಹಿಂದಕ್ಕೆ ಬಿದ್ದೆ. ನೊರೆ ಅಂಚು ದಾಟಿ ಒಲೆಯ ಬಾಯಿಗೆ ಇಳಿಯಿತು. ಭಗ್! ಬಾಣಲೆಯ ಸುತ್ತ ಬೆಂಕಿಯ ಬೇಲಿ ಎದ್ದಿತು.

ಮಾವನ ಮುಖದಲ್ಲಿ ರಕ್ತವಿರಲಿಲ್ಲ. ಪಕ್ಕದ ನೀರಿನ ಬಕೆಟ್ ಎತ್ತಿದ.

"ನೀರು ಬೇಡ!"

ಕೇಳುವವನಲ್ಲ. ಉರಿಯುವ ಎಣ್ಣೆಗೆ ನೀರು ಬಿದ್ದರೆ ಶೆಡ್ಡು, ಮಾವ, ಗೂಟ, ನಾನು, ಟಿನ್ನುಗಳು, ಎಲ್ಲವೂ ಒಟ್ಟಿಗೆ ಬೂದಿ. ಬಕೆಟ್ಟಿಗೆ ಒದ್ದೆ. ನೀರು ಗೋಡೆಗೆ ಹೋಯಿತು. ಸಿಲಿಂಡರಿನ ತಿರುಪು ಮುಚ್ಚಿದೆ. ಮಣ್ಣಿನ ಚೀಲ ಹರಿದು ಒಲೆಯ ಸುತ್ತ ಸುರಿದೆ. ಡ್ರಮ್ಮಿನ ತಗಡಿನ ಮುಚ್ಚಳ ಎತ್ತಿ ಬಾಣಲೆಯ ಮೇಲೆ ಕವಿಚಿದೆ. ಬೆಂಕಿ ಮುಚ್ಚಳದ ಅಂಚಿನಲ್ಲಿ ನಾಲಿಗೆ ಚಾಚಿತು... ಚಾಚಿತು... ಉಸಿರಿಲ್ಲದೆ ಸತ್ತಿತು.

ಮಾವ ಬಾಗಿಲ ಕಡೆ ಓಡಿದ್ದ. ಗೂಟ ಕೈ ಹಿಡಿದುಕೊಂಡು ನೆಲದಲ್ಲಿ ಕೂತಿದ್ದ. ಹೊರಗೆ ಜೀಪಿನ ಸದ್ದು.

ನನಗೆ ಸಿಕ್ಕಿದ್ದು ಅಷ್ಟೇ ಹೊತ್ತು. ಬೊಬ್ಬೆ ಎದ್ದ ಬೆರಳಿನಲ್ಲೇ ಗಂಟು ಬಿಚ್ಚಿದೆ. ನೀಲಿ ಪಟ್ಟಿಯನ್ನು ಜೇಬಿಗೆ ಹಾಕಿಕೊಂಡೆ.

ಮೇಡಂ ಮಾವನ ಕೊರಳಪಟ್ಟಿ ಹಿಡಿದುಕೊಂಡೇ ಒಳಬಂದರು. ಅವನು ಆಗಲೇ ಸುಧಾರಿಸಿಕೊಂಡಿದ್ದ.

"ನಾನು ಸಾಬೂನಿನ ಫ್ಯಾಕ್ಟ್ರಿಗೆ ಎಣ್ಣೆ ರೆಡಿ ಮಾಡೋನು ಮೇಡಂ. ತಿನ್ನೋಕೆ ಕೊಡ್ತೀನಿ ಅಂತ ಯಾರು ಹೇಳಿದ್ದು? ಆ ಕಂಟ್ರಾಕ್ಟರ್ ನನಗೆ ಪರಿಚಯಾನೇ ಇಲ್ಲ, ಕೇಳಿ ಬೇಕಾದ್ರೆ."

ಮೇಡಂ ನನ್ನ ಕಡೆ ತಿರುಗಿದರು. "ಕ್ಯಾಂಟೀನಿಗೂ ಇವನಿಗೂ ಸಂಬಂಧ ಇದೆ ಅನ್ನೋಕೆ ಏನಿದೆ?"

"ಟೆಂಪೋ ನಾನೇ ನೋಡಿದೆ."

"ನೀವು ಬಾಮೈದ. ನಿಮ್ಮ ಮಾತು ಕೋರ್ಟಲ್ಲಿ ಯಾರು ಕೇಳ್ತಾರೆ? ಬೇರೆ ಏನಾದ್ರೂ ಇದ್ರೆ ಕೊಡಿ. ಇಲ್ದಿದ್ರೆ ಸಂಜೆಗೆ ಇವನು ಮನೆಗೆ, ನಿಮ್ಮ ಭಾವ ಜೈಲಿಗೆ."

ಮಾವ ಮೊದಲ ಸಾಲಿನ ಟಿನ್ನು ನೋಡಿದ. ಬರಿಯ ಮುಚ್ಚಳ. ನನ್ನ ಜೇಬು ನೋಡಿದ. ನಕ್ಕ. ನಾನೇ ಅವನ ವಕೀಲನಾಗಿಬಿಟ್ಟಿದ್ದೆ.

ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಜೇಬಿನಲ್ಲಿ ಬಟ್ಟೆಯಲ್ಲ, ಕಲ್ಲು ಇದ್ದ ಹಾಗಿತ್ತು. ಅಕ್ಕ ಭಾವನಿಗೆ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಳು. ನನ್ನನ್ನು ಕಂಡ ಕೂಡಲೇ ಎದ್ದಳು. ಮುಖದಲ್ಲಿ ಎರಡು ದಿನದ ಮೇಲೆ ಬೆಳಕು.

"ಸಿಕ್ಕಿದ್ನಾ ಅವನು?"

"ಸಿಕ್ಕಿದ. ಭಾವ, ಉರಿ ನೀವು ಜೋರು ಮಾಡಿರ್ಲಿಲ್ಲ. ಎಣ್ಣೆ ಉಕ್ಕಿದ್ದು ನಿಜ. ಕೊಂದಿದ್ದು ಆ ಎಣ್ಣೆ."

ಭಾವನ ಎದೆ ಒಮ್ಮೆ ಉಬ್ಬಿ ಇಳಿಯಿತು. ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲು ಕೈಯಿಲ್ಲ. ಅಕ್ಕ ಸೆರಗಿನಲ್ಲಿ ಒರೆಸಿದಳು.

"ಎಲ್ಲಿಂದ ಬಂತು ಆ ಎಣ್ಣೆ?" ಭಾವ ಕೇಳಿದರು.

ನಾನು ಜೇಬಿಗೆ ಕೈಹಾಕಿದೆ. ಪಟ್ಟಿಯನ್ನು ತೆಗೆದು ಹಾಸಿಗೆಯ ಮೇಲಿಟ್ಟೆ.

ಮೊದಲು ಕೈಗೆತ್ತಿಕೊಂಡವಳು ಅಕ್ಕ. "ನನ್ನ ಹೊಲಿಗೆ ಇದು. ಅಂಚಿಗೆ ಎರಡು ಸಾಲು ಹಾಕೋದು ನಾನೊಬ್ಬಳೇ. ಇದೇನು ಇಷ್ಟು ಜಿಡ್ಡು?" ಮೂಸಿ ನೋಡಿ ಮುಖ ಸಿಂಡರಿಸಿದಳು. "ಎಲ್ಲಿ ಸಿಕ್ತು?"

ಭಾವ ಗೋಡೆ ನೋಡುತ್ತಿದ್ದರು. "ಕರಿ ಟಿನ್ನಿನ ಮೇಲೆ," ಅಂದರು. "ಅಲ್ವೇನೋ?"

"ಹೌದು ಭಾವ."

"ಹಳೇ ಎಣ್ಣೆ ಅಡುಗೆಯವನಿಗೆ ಸೇರಿದ್ದು. ಎಲ್ಲ ಅಡುಗೆಮನೇಲೂ ಹಾಗೇ. ನಮ್ಮ ಗುರುಗಳ ಕಾಲದಿಂದ್ಲೂ ಹಾಗೇ. ಸಾಬೂನಿಗೆ ಹೋಗುತ್ತೆ ಅಂದ್ರು."

"ನಂಬಿದ್ರಾ?"

"ಕೇಳ್ಲಿಲ್ಲ."

ಅಕ್ಕ ಪಟ್ಟಿಯನ್ನು ಮಡಚುತ್ತಿದ್ದಳು. ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚಿದಳು. "ರೀ, ಆ ಮಿಷನ್ನು... ಈ ದುಡ್ಡಲ್ಲೇನಾ?"

ಭಾವ ಹೌದು ಅಂತ ತಲೆಯಾಡಿಸಿದರು.

ವಾರ್ಡಿನಲ್ಲಿ ಯಾರದೋ ಕೆಮ್ಮು ಕೇಳುತ್ತಿತ್ತು. ನನಗೆ ಅಲ್ಲಿಂದ ಓಡಿಹೋಗಬೇಕು ಅನ್ನಿಸಿತು. ಗೂಟನ ಕೈಯಲ್ಲಿದ್ದಾಗಲೂ ಅಷ್ಟು ಅನ್ನಿಸಿರಲಿಲ್ಲ.

"ಭಾವ, ಇದನ್ನ ನಾನು ಯಾರಿಗೂ ತೋರಿಸಿಲ್ಲ. ತೋರಿಸ್ಲಿಲ್ಲ ಅಂದ್ರೆ ಅವನು ಬಿಡುಗಡೆ ಆಗ್ತಾನೆ, ಕೇಸು ನಿಮ್ಮ ಮೇಲೆ. ತೋರಿಸಿದ್ರೆ ಅವನು ಒಳಗೆ. ಆದ್ರೆ ಕರಿ ಎಣ್ಣೆ ಮಾರಿದ್ದು ನೀವು ಅಂತ ಊರಿಗೆಲ್ಲ ಗೊತ್ತಾಗುತ್ತೆ. ಇನ್ನು ಯಾವ ಅಡುಗೆಮನೇನೂ ನಿಮ್ಮನ್ನ ಸೇರಿಸಲ್ಲ."

"ದೊಡ್ಡಮ್ಮನ ಏಪ್ರನ್ನೂ ನಾನೇ ಹೊಲಿದಿದ್ದು," ಅಕ್ಕ ಅಂದಳು. ಯಾರಿಗೂ ಅಲ್ಲ, ಆ ಪಟ್ಟಿಗೆ.

ಭಾವ ಕಣ್ಣು ಮುಚ್ಚಿದರು. "ಮೇಡಂನ ಕರಿ," ಅಂದರು.

ಮೇಡಂ ಬಂದರು. ಭಾವ ಎಲ್ಲ ಹೇಳಿದರು. ಯಾವ ವಾರ ಯಾರು ಟಿನ್ನು ಒಯ್ದರು, ಅದೇ ಟೆಂಪೋ ತಿಳಿ ಎಣ್ಣೆ ಹೇಗೆ ತರುತ್ತಿತ್ತು, ಕಂಟ್ರಾಕ್ಟರ್ ಇಳಿಸಿಕೊಳ್ಳುವಾಗ ತಾವು ಹೇಗೆ ಬೇರೆ ಕಡೆ ನೋಡುತ್ತಿದ್ದರು, ಒಂದನ್ನೂ ಬಿಡಲಿಲ್ಲ. ಪಟ್ಟಿಯ ಹೊಲಿಗೆ ತನ್ನದು ಅಂತ ಅಕ್ಕನೂ ಬರೆಸಿದಳು. ಪಟ್ಟಿ ಯಾಕೆ ನನ್ನ ಜೇಬಿಗೆ ಹೋಗಿತ್ತು ಅಂತ ಮೇಡಂ ನನ್ನನ್ನು ಕೇಳಿದರು. ಹೇಳಿದೆ. ಅವರು ಕೊಟ್ಟ ಬೈಗುಳ ಇಲ್ಲಿ ಹೇಳುವಂಥದ್ದಲ್ಲ. ಕೊನೆಗೆ ಹೇಳಿಕೆಗೆ ಸಹಿ ಬೇಕಾಯಿತು. ಬ್ಯಾಂಡೇಜಿನ ಕೈ. ಹೆಬ್ಬೆಟ್ಟು ಒತ್ತೋಣ ಅಂದರೆ ಒತ್ತುವ ಚರ್ಮವೇ ಇರಲಿಲ್ಲ. ಡಾಕ್ಟರು ಸಾಕ್ಷಿ ನಿಂತರು.

ಮಾವ ಒಳಗಿದ್ದಾನೆ. ಕಂಟ್ರಾಕ್ಟರೂ ಪಕ್ಕದಲ್ಲೇ. ಸಾವಿನ ಕೇಸು ಭಾವನ ಮೇಲಿಂದ ಹೋಯಿತು. ಕೆಲಸವೂ ಹೋಯಿತು. ಈಗ ಒಂದು ಗೋದಾಮಿನಲ್ಲಿ ಬಾಗಿಲು ಕಾಯುತ್ತಾರೆ. ದೊಡ್ಡಮ್ಮನ ಮನೆಯ ಬೀದಿ ಬಂದರೆ ಸುತ್ತು ಹಾಕಿಕೊಂಡು ಹೋಗುತ್ತಾರೆ.

ಮೊನ್ನೆ ಅಕ್ಕನ ಮನೆಗೆ ಹೋಗಿದ್ದೆ. ಹೊಲಿಗೆ ಮಿಷನ್ ಮೂಲೆಯಲ್ಲಿತ್ತು, ಮುಚ್ಚಳದ ಮೇಲೆ ಬೆರಳಲ್ಲಿ ಬರೆಯುವಷ್ಟು ಧೂಳು. ಅಕ್ಕ ಕಿಟಕಿಯ ಬೆಳಕಿನಲ್ಲಿ ಕೂತು, ಸೂಜಿ ದಾರ ಹಿಡಿದು, ಯಾರದೋ ಅಂಗಿಯ ಅಂಚು ಹೊಲಿಯುತ್ತಿದ್ದಳು.

"ಇದೇನಕ್ಕ, ಕೈಯಲ್ಲಿ ಎಷ್ಟೊತ್ತಿಗೆ ಮುಗೀಬೇಕು?"

ಅವಳು ದಾರವನ್ನು ಹಲ್ಲಿನಲ್ಲಿ ಕಚ್ಚಿ ತುಂಡು ಮಾಡಿದಳು.

"ನಿಧಾನ ಕಣೋ. ಆದ್ರೆ ಕರಿ ಎಣ್ಣೆ ಹೊಗೆ ಬರಲ್ಲ."